ತೇಲಿಹೋದ ಅಣೆಕಟ್ಟು: ಸ್ಕೇಲ್ ಮಾಡೆಲ್ ಕಟ್ಟುವವರ ಕಿರಿಕಿರಿಗಳ ಹಿಂದಿನ ವಿಜ್ಞಾನ



ವಿಜ್ಞಾನ ವಸ್ತುಪ್ರದರ್ಶನದ ಸುತ್ತೋಲೆ ಬಂತೆಂದರೆ ಸಾಕು, ಸ್ಟೇಷನರಿ ಅಂಗಡಿಯಲ್ಲಿ ಥರ್ಮೋಕೋಲ್, ಫೆವಿಕಾಲ್, ಬಣ್ಣದ ಡಬ್ಬಿ ಖಾಲಿಯಾಗುತ್ತವೆ. ಹದಿನೈದು ದಿನ ಕಳೆದ ಮೇಲೆ ನಮ್ಮ ಸ್ಟಾಫ್ ರೂಮಿನ ಬಾಗಿಲಿಗೆ ಮಕ್ಕಳು ಬಂದು ನಿಲ್ಲುತ್ತಾರೆ. "ಮಿಸ್, ಅಂಟು ಬಿಟ್ಟೋಯ್ತು", "ಮಿಸ್, ಬಣ್ಣ ಹಾಕಿದ ಕೂಡ್ಲೆ ಥರ್ಮೋಕೋಲ್ ಕರಗಿಹೋಯ್ತು", "ಮಿಸ್, ನೀರು ಹೋಗ್ತಾನೇ ಇಲ್ಲ". ಕೊನೆಗೆ ಒಂದಿಬ್ಬರು, "ನಮ್ಮ ಕೈಲಿ ಆಗಲ್ಲ ಮಿಸ್, ಅಂಗಡಿಯಲ್ಲಿ ರೆಡಿ ಮಾಡೆಲ್ ಸಿಗುತ್ತಂತೆ" ಅಂತ ಶುರು ಮಾಡುತ್ತಾರೆ.

ನಾನೂ ಬಹಳ ವರ್ಷ ಇದನ್ನು ಕೈಚಳಕದ ಕೊರತೆ ಎಂದೇ ತಿಳಿದಿದ್ದೆ. ಹೋದ ಬೇಸಿಗೆ ರಜೆಯಲ್ಲಿ ತವರಿಗೆ ಹೋದಾಗ ಆ ತಿಳಿವಳಿಕೆ ಬದಲಾಯಿತು.

ನನ್ನ ತವರೂರು ತಮಿಳುನಾಡಿನ ತೇನಿ ಜಿಲ್ಲೆಯ ಮಾರ್ಕಯನ್‌ಕೋಟ್ಟೈ. ಚಿನ್ನಮನೂರಿನ ಹತ್ತಿರ, ಕಂಬಂ ಕಣಿವೆಯಲ್ಲಿದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಸುತ್ತ ಭತ್ತದ ಗದ್ದೆ, ತೆಂಗು, ಬಾಳೆ, ದ್ರಾಕ್ಷಿ ಚಪ್ಪರ. ಇದಕ್ಕೆಲ್ಲ ನೀರು ಬೆಟ್ಟದ ಆ ಕಡೆಯಿಂದ ಬರುತ್ತದೆ. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಅಡ್ಡಲಾಗಿ 1887ರಿಂದ 1895ರವರೆಗೆ ಅಣೆಕಟ್ಟು ಕಟ್ಟಿ, ಬೆಟ್ಟಕ್ಕೆ ಸುರಂಗ ಕೊರೆದು, ನೀರನ್ನು ಪೂರ್ವದ ಕಡೆ ತಿರುಗಿಸಿದರು. ಎಂಜಿನಿಯರ್ ಜಾನ್ ಪೆನ್ನಿಕ್ವಿಕ್. ಇವತ್ತಿಗೂ ಕಣಿವೆಯ ಅಂಗಡಿ, ಮನೆಗಳಲ್ಲಿ ಆತನ ಪಟ ಕಾಣುತ್ತದೆ. ಲೋವರ್ ಕ್ಯಾಂಪಿನಲ್ಲಿ ಸ್ಮಾರಕವಿದೆ. ಮಳೆ ಸರಿಯಿದ್ದ ವರ್ಷ ಜೂನ್ ಆರಂಭದಲ್ಲಿ ನೀರು ಬಿಟ್ಟರೆ ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆಗೆ ಮೊದಲ ಬೆಳೆ ಶುರು.

ನನ್ನ ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಶಾಲೆ ತೆರೆದ ಕೂಡಲೇ ಪ್ರದರ್ಶನ ಇದೆ, ಈ ಪೆರಿಯಾರ್ ಅಣೆಕಟ್ಟನ್ನೇ ಮಾಡಬೇಕು ಅಂತ ಹಟ ಹಿಡಿದಿದ್ದಳು. ಬರೀ ಬೊಂಬೆಯಲ್ಲ, ಅಳತೆಗೆ ಸರಿಯಾಗಿ, ನೀರು ನಿಲ್ಲಿಸಿ ತೋರಿಸುವಂಥದ್ದು.

ಮೊದಲು ಸ್ಕೇಲ್ ಗೊತ್ತು ಮಾಡಿಕೊಂಡೆವು. ಅಣೆಕಟ್ಟಿನ ಉದ್ದ 365.7 ಮೀಟರ್. ತಳಪಾಯದಿಂದ ಎತ್ತರ 53.6 ಮೀಟರ್. ಮೇಲೆ ದಪ್ಪ 3.6 ಮೀಟರ್, ಬುಡದಲ್ಲಿ 42.2 ಮೀಟರ್. ಎಲ್ಲವನ್ನೂ 500ರಿಂದ ಭಾಗಿಸಿದರೆ ಉದ್ದ 73 ಸೆಂ.ಮೀ., ಎತ್ತರ 10.7 ಸೆಂ.ಮೀ., ಮೇಲಿನ ದಪ್ಪ 7 ಮಿ.ಮೀ., ಬುಡ 8.4 ಸೆಂ.ಮೀ. ಮೇಜಿನ ಮೇಲೆ ಚೆನ್ನಾಗಿ ಕೂರುತ್ತದೆ. ಇದನ್ನೇ 1:500 ಪ್ರಮಾಣ ಅನ್ನುವುದು. ಈ ಪ್ರಮಾಣದಲ್ಲಿ ಮನುಷ್ಯ 3 ಮಿ.ಮೀ. ಅಂದರೆ ರಾಗಿ ಕಾಳಿಗಿಂತ ತುಸು ದೊಡ್ಡವನು.

ಮೊದಲ ತೊಂದರೆ ಅಲ್ಲೇ ಹಾಜರಾಯಿತು. ಸುರಂಗ ಒಂದೂವರೆ ಕಿಲೋಮೀಟರಿಗೂ ಉದ್ದ. 1:500ರಲ್ಲಿ ಅದೇ ಮೂರು ಮೀಟರ್ ದಾಟುತ್ತದೆ! ಅಣೆಕಟ್ಟು ಮೇಜಿನ ಮೇಲೆ, ಸುರಂಗದ ಬಾಯಿ ಪಕ್ಕದ ಕ್ಲಾಸ್ ರೂಮಿನಲ್ಲಿ. ಸ್ಕೇಲನ್ನು ಸಣ್ಣದು ಮಾಡಿದರೆ ಸುರಂಗ ಹಿಡಿಸುತ್ತದೆ, ಆದರೆ ಅಣೆಕಟ್ಟು ಕಡ್ಡಿಪೆಟ್ಟಿಗೆಯಷ್ಟಾಗುತ್ತದೆ. ಸ್ಕೇಲ್ ಮಾಡೆಲ್ ಕಟ್ಟುವ ಎಲ್ಲರಿಗೂ ಈ ಜಗ್ಗಾಟ ಇದ್ದದ್ದೇ. ಕೊನೆಗೆ ಸುರಂಗವನ್ನು 40 ಸೆಂ.ಮೀ.ಗೆ ಮೊಟಕು ಮಾಡಿ, "ಸುರಂಗದ ಉದ್ದ ಪ್ರಮಾಣದಲ್ಲಿಲ್ಲ" ಅಂತ ಚೀಟಿ ಅಂಟಿಸಿದೆವು. ಹುಡುಗಿಗೆ ಅದು ಮೋಸ ಅನಿಸಿತು. ಮೋಸವಲ್ಲ. ಬರೆಯದೆ ಬಿಟ್ಟಿದ್ದರೆ ಮೋಸವಾಗುತ್ತಿತ್ತು. ನಕಾಶೆಯಲ್ಲಿ ರಸ್ತೆಯನ್ನು ಅದರ ನಿಜವಾದ ಅಗಲಕ್ಕಿಂತ ದಪ್ಪವಾಗಿ ಬರೆಯುವುದಿಲ್ಲವೇ?

ನಂತರ ಥರ್ಮೋಕೋಲ್ ಕತ್ತರಿಸಿ, ಪದರ ಪದರವಾಗಿ ಅಂಟಿಸಿ, ಅಳತೆಗೆ ಸರಿಯಾಗಿ ಅಣೆಕಟ್ಟು ಮಾಡಿ, ಪ್ಲೈವುಡ್ ಮೇಲೆ ಫೆವಿಕಾಲ್ ಹಚ್ಚಿ ನಿಲ್ಲಿಸಿದಳು. ಕಲ್ಲಿನ ಗೆರೆ ಕೂಡ ಬಿಡಿಸಿದ್ದಳು. ಎರಡು ದಿನದ ಕೆಲಸ. ಸುತ್ತ ಜೇಡಿಮಣ್ಣಿನ ಗುಡ್ಡ. ಮನೆಮಂದಿ ಎಲ್ಲ ಸೇರಿದ ಮೇಲೆ ಬಿಂದಿಗೆಯಿಂದ ನೀರು ಸುರಿದಳು. ಐದು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ಅಣೆಕಟ್ಟು ಮೆಲ್ಲಗೆ ಜರುಗಿತು, ಒಂದು ಮೂಲೆ ಎದ್ದಿತು, ಇಡೀ ಅಣೆಕಟ್ಟು ನೀರಿನ ಜೊತೆ ತೇಲಿಕೊಂಡು ಅಂಗಳಕ್ಕೆ ಇಳಿಯಿತು.

"ಅತ್ತೆ, ಡ್ಯಾಮ್ ತೇಲ್ತಾ ಇದೆ!" ಅಂತ ಅವಳ ತಮ್ಮ ಕುಣಿದ. ಅವಳು ಎದ್ದು ಒಳಗೆ ಹೋದವಳು ಊಟಕ್ಕೂ ಬರಲಿಲ್ಲ. ರಾತ್ರಿ ಅಣ್ಣ, "ಹೋಗ್ಲಿ ಬಿಡು, ಅಂಗಡಿಯಿಂದ ಒಂದು ತಂದ್ಬಿಡೋಣ" ಅಂದ. ನನಗೆ ರೇಗಿತು. ಆದರೆ ರೇಗುವುದಕ್ಕಿಂತ ಲೆಕ್ಕ ಹಾಕುವುದು ಒಳ್ಳೆಯದು ಅನಿಸಿತು. ನೀವೂ ಪೆನ್ಸಿಲ್ ತೆಗೆದುಕೊಳ್ಳಿ.

ನೀರಿನ ಒತ್ತಡ ಆಳ ಹೆಚ್ಚಿದಂತೆ ಹೆಚ್ಚುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಮೇಲ್ಮೈಯಲ್ಲಿ ಸೊನ್ನೆ. 10 ಸೆಂ.ಮೀ. ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 10 ಗ್ರಾಂ ತೂಕದಷ್ಟು. ಸರಾಸರಿ 5 ಗ್ರಾಂ. ನೀರು ತಾಗುವ ಮುಖದ ವಿಸ್ತೀರ್ಣ 10 × 73 = 730 ಚದರ ಸೆಂ.ಮೀ. ಗುಣಿಸಿದರೆ 3,650 ಗ್ರಾಂ. ಅಂದರೆ ಆ ಪುಟ್ಟ ಅಣೆಕಟ್ಟನ್ನು ನೀರು ಮೂರೂವರೆ ಕಿಲೋಗೂ ಹೆಚ್ಚಿನ ಬಲದಿಂದ ಅಡ್ಡಕ್ಕೆ ತಳ್ಳುತ್ತಿತ್ತು.

ಈಗ ಅಣೆಕಟ್ಟಿನ ತೂಕ ನೋಡೋಣ. ಅಡ್ಡಕೊಯ್ತ ಸುಮಾರಾಗಿ ತ್ರಾಪಿಜ್ಯ. ವಿಸ್ತೀರ್ಣ (0.7 + 8.4) ÷ 2 × 10.7, ಹೆಚ್ಚುಕಡಿಮೆ 49 ಚದರ ಸೆಂ.ಮೀ. ಉದ್ದ 73 ಸೆಂ.ಮೀ.ನಿಂದ ಗುಣಿಸಿದರೆ ಮೂರೂವರೆ ಲೀಟರ್. ಒಂದು ಲೀಟರ್ ಗಾತ್ರದ ಥರ್ಮೋಕೋಲ್ 20 ಗ್ರಾಂ ತೂಗುತ್ತದೆ ಅಂತ ಹಿಡಿಯಿರಿ. ಅಣೆಕಟ್ಟಿನ ತೂಕ 70 ಗ್ರಾಂ! ಮೂರೂವರೆ ಕಿಲೋ ತಳ್ಳುವ ನೀರಿನ ಮುಂದೆ ಎಪ್ಪತ್ತು ಗ್ರಾಂ. ಅದನ್ನು ಹಿಡಿದಿದ್ದು ಫೆವಿಕಾಲ್ ಮಾತ್ರ. ಆ ಬಿಳಿ ಅಂಟೋ ನೀರಿನಲ್ಲಿ ಕಲಸಿದ ಅಂಟು. ನೀರು ಆರಿದಾಗ ಗಟ್ಟಿಯಾಗುತ್ತದೆ, ಮತ್ತೆ ನೀರಲ್ಲಿ ನೆನೆದರೆ ಮೆತ್ತಗಾಗಿ ಹಿಡಿತ ಬಿಡುತ್ತದೆ. ಐದು ನಿಮಿಷ ತಡೆದದ್ದೇ ದೊಡ್ಡದು.

ಮರುದಿನ ಬೆಳಿಗ್ಗೆ ಇದನ್ನು ಅವಳಿಗೆ ತೋರಿಸಿದೆ. ಸ್ವಲ್ಪ ಹೊತ್ತು ಕಾಗದ ನೋಡಿ, "ಹಾಗಾದ್ರೆ ನಿಜವಾದ ಡ್ಯಾಮ್ ನಿಂತಿರೋದು ಬರೀ ಭಾರದಿಂದಾನಾ ಅತ್ತೆ?" ಅಂತ ಕೇಳಿದಳು.

ಹೌದು. ಪೆರಿಯಾರ್ ಅಣೆಕಟ್ಟು, ನಮ್ಮ ಕನ್ನಂಬಾಡಿಯ ಕೃಷ್ಣರಾಜಸಾಗರ, ಎರಡೂ ಇದೇ ಜಾತಿಯವು. ಇವನ್ನು ಗುರುತ್ವ ಅಣೆಕಟ್ಟು ಎನ್ನುತ್ತಾರೆ. ಕಲ್ಲು, ಸುಣ್ಣ, ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಇವುಗಳ ಭಾರವೇ ನೀರಿನ ತಳ್ಳಾಟಕ್ಕೆ ಎದುರು ನಿಲ್ಲುತ್ತದೆ. ಬುಡ ಅಷ್ಟು ದಪ್ಪ ಇರುವುದೂ ಅದಕ್ಕೇ. ಈ ಮಾತು ಪುಸ್ತಕದಲ್ಲಿ ಒಂದು ಸಾಲು. ಅಣೆಕಟ್ಟು ತೇಲಿಹೋದ ಮೇಲೆ ಆ ಸಾಲು ಅವಳಿಗೆ ಯಾವತ್ತೂ ಮರೆಯುವುದಿಲ್ಲ.

ಇಲ್ಲಿ ಒಂದು ಸೊಗಸಾದ ವಿಷಯ ಗಮನಿಸಿ. ಮಾದರಿಯನ್ನು 500 ಪಟ್ಟು ಕುಗ್ಗಿಸಿದರೆ ನೀರಿನ ಆಳ 500 ಪಟ್ಟು ಕಡಿಮೆ, ಆದ್ದರಿಂದ ಒತ್ತಡವೂ 500 ಪಟ್ಟು ಕಡಿಮೆ. ಮುಖದ ವಿಸ್ತೀರ್ಣ 500 × 500 ಪಟ್ಟು ಕಡಿಮೆ. ಒಟ್ಟು ತಳ್ಳುವ ಬಲ 500 × 500 × 500, ಅಂದರೆ 12.5 ಕೋಟಿ ಪಟ್ಟು ಕಡಿಮೆ. ಅಣೆಕಟ್ಟಿನ ಗಾತ್ರವೂ ಹಾಗೆಯೇ 12.5 ಕೋಟಿ ಪಟ್ಟು ಕಡಿಮೆ, ಅದೇ ಸಾಮಗ್ರಿಯಾದರೆ ತೂಕವೂ ಅಷ್ಟೇ. ಎರಡೂ ಸರಿಸಮ ಕುಗ್ಗುತ್ತವೆ! ಹಾಗಾಗಿ ಕಲ್ಲುಗಾರೆಯಷ್ಟೇ ಸಾಂದ್ರತೆಯ ಸಾಮಾನಿನಿಂದ ಕಟ್ಟಿದರೆ, ಜಾರುತ್ತದೋ ಇಲ್ಲವೋ ಎಂಬುದನ್ನು ಮೇಜಿನ ಮೇಲಿನ ಮಾದರಿಯೂ ಪ್ರಾಮಾಣಿಕವಾಗಿ ಹೇಳಬಲ್ಲದು.

ಆದರೆ ಬಿರುಕು ಬಿಡುತ್ತದೋ, ಪುಡಿಯಾಗುತ್ತದೋ ಎಂಬುದನ್ನು ಹೇಳಲಾರದು. ಬುಡದ ಪ್ರತಿ ಚದರ ಸೆಂಟಿಮೀಟರ್ ಹೊರುವ ಭಾರ ಮಾದರಿಯಲ್ಲಿ 500 ಪಟ್ಟು ಕಡಿಮೆ. ಮಾದರಿಗೆ ಬಲ ಯಾವಾಗಲೂ ಹೆಚ್ಚೇ ಇರುತ್ತದೆ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದ: ಪ್ರಾಣಿಯನ್ನು ಅದೇ ಆಕಾರದಲ್ಲಿ ದೊಡ್ಡದು ಮಾಡುತ್ತಾ ಹೋದರೆ ಅದರ ಮೂಳೆ ತನ್ನ ಭಾರವನ್ನೇ ತಡೆಯಲಾರದು. ಬೆಂಕಿಕಡ್ಡಿಯಲ್ಲಿ ಗಟ್ಟಿಯಾಗಿ ನಿಂತ ಸೇತುವೆ ದೊಡ್ಡದಾದಾಗಲೂ ನಿಲ್ಲುತ್ತದೆ ಅಂತ ಯಾರಾದರೂ ಪ್ರದರ್ಶನದಲ್ಲಿ ಹೇಳಿದರೆ ನಂಬಬೇಡಿ.

ಸರಿ, ಗಾರೆಯ ಅಣೆಕಟ್ಟು. ರಟ್ಟಿನ ಅಚ್ಚಿಗೆ ಎಣ್ಣೆ ಸವರಿ, ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು ಕಲಸಿ ಹಾಕಿದೆವು. ಮೇ ತಿಂಗಳ ಬಿಸಿಲಿಗೆ ಬೇಗ ಒಣಗಲಿ ಅಂತ ತಾರಸಿಯ ಮೇಲಿಟ್ಟೆವು. ಸಂಜೆಗೆ ಮೂರು ಬಿರುಕು! ಪಕ್ಕದ ಮನೆಯ ಮೇಸ್ತ್ರಿ ನೋಡಿ ನಕ್ಕರು. ಸಿಮೆಂಟ್ ಗಟ್ಟಿಯಾಗುವುದು ಒಣಗಿದ್ದರಿಂದ ಅಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ನೀರು ಆರಿಹೋದರೆ ಕ್ರಿಯೆ ಅರ್ಧಕ್ಕೇ ನಿಂತು, ಗಾರೆ ಕುಗ್ಗಿ ಸೀಳುತ್ತದೆ. ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು, ಕ್ಲಾಸಿನಲ್ಲಿ ಇದನ್ನೇ ಪಾಠ ಮಾಡುವವಳು, ತಾರಸಿಗೆ ಹೊತ್ತುಕೊಂಡು ಹೋದವಳೂ ನಾನೇ. ಎರಡನೇ ಸಲ ನೆರಳಲ್ಲಿಟ್ಟು, ಒದ್ದೆ ಗೋಣಿಚೀಲ ಹೊದಿಸಿ, ಏಳು ದಿನ ನೀರು ಚಿಮುಕಿಸಿದೆವು. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಏಳೂವರೆ ಕಿಲೋ.

ಈ ಏಳು ದಿನ ಸುಮ್ಮನೆ ಕೂರಲಿಲ್ಲ. ಬೇರೆ ಚಿಲ್ಲರೆ ಕಿರಿಕಿರಿಗಳು ಸಾಕಷ್ಟಿದ್ದವು.

ರಾಗಿಕಾಳಿನಷ್ಟು ಮನುಷ್ಯರನ್ನು ತಂತಿಯಲ್ಲಿ ಮಾಡಿ ಚಿಮಟದಲ್ಲಿ ಹಿಡಿದರೆ ಟಣ್ ಅಂತ ಹಾರಿ ಮಾಯ. ಹುಣಸೆ ಬೀಜವನ್ನು ಬೆರಳಲ್ಲಿ ಒತ್ತಿ ಹಾರಿಸುತ್ತೇವಲ್ಲ, ಅದೇ ತತ್ವ. ಚಿಮಟ ಬಾಗಿದಾಗ ಅದರಲ್ಲಿ ಕೂಡಿದ ಶಕ್ತಿ ಅಷ್ಟೇ ಇದ್ದರೂ, ವಸ್ತುವಿನ ರಾಶಿ ಕಡಿಮೆಯಾದಷ್ಟೂ ವೇಗ ಹೆಚ್ಚು. ಹುಡುಕುವುದಕ್ಕೆ ಒಂದು ಉಪಾಯ ಹೇಳುತ್ತೇನೆ: ದೀಪ ಆರಿಸಿ ಟಾರ್ಚನ್ನು ನೆಲದ ಮೇಲೆ ಮಲಗಿಸಿ ಹಚ್ಚಿ. ಬೆಳಕು ಅಡ್ಡಲಾಗಿ ಬಿದ್ದು ಸಣ್ಣ ಚೂರಿಗೂ ಉದ್ದ ನೆರಳು ಬರುತ್ತದೆ. ಚೂರು ಕಾಣುವ ಮೊದಲು ನೆರಳು ಕಾಣುತ್ತದೆ. ನಮಗೆ ಮೂರು ಮನುಷ್ಯರ ಜೊತೆ ಅತ್ತಿಗೆಯ ಕಳೆದುಹೋಗಿದ್ದ ಕಿವಿಯೋಲೆಯ ತಿರುಪೂ ಸಿಕ್ಕಿತು.

ಸ್ಪ್ರೇ ಬಣ್ಣ ಹೊಡೆದರೆ ಥರ್ಮೋಕೋಲ್ ಕರಗುವುದು ಬಿಸಿಯಿಂದಲ್ಲ. ಥರ್ಮೋಕೋಲ್ ಎಂದರೆ ಗಾಳಿ ತುಂಬಿದ ಪಾಲಿಸ್ಟೈರೀನ್. ಆ ಬಣ್ಣದಲ್ಲಿರುವ ಅಸಿಟೋನಿನಂಥ ದ್ರಾವಕಗಳು ಅದನ್ನು ಕರಗಿಸುತ್ತವೆ. ನೀರಿನ ಬಣ್ಣ ಬಳಸಿ. ತಕ್ಷಣ ಹಿಡಿಯುವ ಅಂಟು ಹಾಕಿದ ಜಾಗದ ಸುತ್ತ ಬೆಳ್ಳಗೆ ಮಂಜು ಕವಿದಂತಾಗುವುದಕ್ಕೂ ಕಾರಣವಿದೆ. ಆ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಹೆಚ್ಚು ಹಾಕಿದರೆ ಅದರ ಆವಿ ಮೇಲೆದ್ದು, ಅಲ್ಲೇ ತೇವದೊಡನೆ ಗಟ್ಟಿಯಾಗಿ, ಪುಡಿಯಾಗಿ ಕೂರುತ್ತದೆ. ಒಂದು ಹನಿಯ ಕಾಲುಭಾಗ ಸಾಕು. ಕಿಟಕಿ ತೆರೆದಿರಲಿ, ಕಣ್ಣಿಂದ ದೂರವಿರಲಿ. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬೆಚ್ಚನೆಯ ಸೋಪು ನೀರಲ್ಲಿ ನೆನೆಸಿ. ರಟ್ಟು ಬಾಗುವುದೂ ತೇವದ ಆಟವೇ: ಒಂದೇ ಮುಖಕ್ಕೆ ಅಂಟು ಬಳಿದರೆ ಆ ಕಡೆಯ ನಾರು ಉಬ್ಬಿ, ಆರುವಾಗ ಕುಗ್ಗಿ ಎಳೆಯುತ್ತದೆ. ಎರಡೂ ಮುಖಕ್ಕೆ ಕಾಗದ ಅಂಟಿಸಿದರೆ ಎಳೆತ ಸರಿಸಮವಾಗುತ್ತದೆ.

ಬಣ್ಣದ ವಿಷಯದಲ್ಲಿ ನನಗೆ ತುಂಬ ಇಷ್ಟವಾದದ್ದೊಂದಿದೆ. ಹುಡುಗಿ ಗುಡ್ಡಗಳಿಗೆ ಕಡುಹಸಿರು ಬಳಿದಳು. ಏನೋ ಆಟಿಕೆಯಂತೆ ಕಾಣುತ್ತಿತ್ತು, ಏಕೆಂದು ಗೊತ್ತಾಗಲಿಲ್ಲ. ಅವಳನ್ನು ಹೊರಗೆ ಕರೆದು ಮೇಘಮಲೈ ಬೆಟ್ಟ ತೋರಿಸಿದೆ. ಹತ್ತಿರ ಹೋದರೆ ಕಾಡು ಕಡುಹಸಿರು, ಊರಿನಿಂದ ನೋಡಿದರೆ ತೆಳು ನೀಲಿ. ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ. 1:500 ಮಾದರಿಯನ್ನು ಎರಡು ಮೀಟರ್ ದೂರದಿಂದ ನೋಡುವುದು ನಿಜವಾದದ್ದನ್ನು ಒಂದು ಕಿಲೋಮೀಟರ್ ದೂರದಿಂದ ನೋಡಿದಂತೆ. ಆದರೆ ಆ ಒಂದು ಕಿಲೋಮೀಟರ್ ಗಾಳಿ ನಮ್ಮ ಕೋಣೆಯಲ್ಲಿಲ್ಲ. ಅದನ್ನು ಬಣ್ಣದಲ್ಲೇ ಬೆರೆಸಬೇಕು. ಸ್ವಲ್ಪ ಬಿಳಿ, ಚೂರು ನೀಲಿ ಕಲಸಿ ಬಳಿದಳು. ಗುಡ್ಡ ದೂರ ಸರಿದು ನಿಂತಿತು.

ಎಂಟನೇ ದಿನ ಗಾರೆಯ ಅಣೆಕಟ್ಟನ್ನು ಹಲಗೆಯ ಮೇಲೆ ನಿಲ್ಲಿಸಿ, ಅಂಚಿಗೆ ಜೇಡಿಮಣ್ಣು ಮೆತ್ತಿ ನೀರು ತುಂಬಿಸಿದೆವು. ಈ ಸಲ ಅಂಟೇ ಇಲ್ಲ. ಹಲಗೆಗೂ ಗಾರೆಗೂ ಘರ್ಷಣಾಂಕ 0.6 ಅಂತ ಹಿಡಿದರೆ, ಏಳೂವರೆ ಕಿಲೋ ಭಾರ ಒಡ್ಡಬಲ್ಲ ತಡೆ 7.5 × 0.6 = 4.5 ಕಿಲೋ. ನೀರು ತಳ್ಳುವುದು 3.65. ಗೆದ್ದೆವು ಅಂದುಕೊಂಡೆವು. ಅಣೆಕಟ್ಟು ನಿಂತಿತು. ಕಾಫಿ ಕುಡಿದು ಬರುವಷ್ಟರಲ್ಲಿ ಕೆಳಗಿನಿಂದ ನೀರು ಜಿನುಗಿ, ಅಣೆಕಟ್ಟು ಬೆರಳಗಲ ಮುಂದೆ ಸರಿದಿತ್ತು. ಲೆಕ್ಕ ಸರಿ, ಅಣೆಕಟ್ಟು ತಪ್ಪು?

ಲೆಕ್ಕದಲ್ಲೇ ಒಂದು ಬಲ ಬಿಟ್ಟುಹೋಗಿತ್ತು. ಅಡಿಗೆ ನುಸುಳಿದ ನೀರು ಸುಮ್ಮನಿರುವುದಿಲ್ಲ, ಮೇಲಕ್ಕೆ ಒತ್ತುತ್ತದೆ. ನೀರಿನ ಕಡೆಯ ಅಂಚಿನಲ್ಲಿ ಒತ್ತಡ 10, ಆಚೆ ಅಂಚಿನಲ್ಲಿ ಸೊನ್ನೆ, ಸರಾಸರಿ 5 ಗ್ರಾಂ. ಬುಡದ ವಿಸ್ತೀರ್ಣ 8.4 × 73. ಗುಣಿಸಿ ನೋಡಿ, ಮೂರು ಕಿಲೋ ದಾಟುತ್ತದೆ. ಏಳೂವರೆ ಕಿಲೋ ಅಣೆಕಟ್ಟು ಹಲಗೆಯನ್ನು ಒತ್ತುವುದು ಬರೀ 4.4 ಕಿಲೋದಷ್ಟು. ಅದರ 0.6 ಪಾಲು 2.6. ತಳ್ಳುವುದು 3.65. ಜಾರದೆ ಇನ್ನೇನು ಮಾಡುತ್ತದೆ!

ಈ ಮೇಲೊತ್ತಡವನ್ನು ಮರೆತವರು ನಾವಷ್ಟೇ ಅಲ್ಲ. ಹತ್ತೊಂಬತ್ತನೇ ಶತಮಾನದ ಎಂಜಿನಿಯರುಗಳಲ್ಲೂ ಹೆಚ್ಚಿನವರು ಇದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಫ್ರಾನ್ಸಿನ ಬೂಜೇ ಎಂಬಲ್ಲಿಯ ಕಲ್ಲಿನ ಅಣೆಕಟ್ಟು 1895ರ ಏಪ್ರಿಲ್ 27ರಂದು ಒಡೆದು 80ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆಯೇ ಕಲ್ಲಿನ ಸಂದಿಗೂ ತಳಕ್ಕೂ ನುಗ್ಗುವ ನೀರಿನ ಒತ್ತಡದ ಬಗ್ಗೆ ಗಂಭೀರ ಚರ್ಚೆ ನಡೆದದ್ದು. ಅದೇ 1895ರ ಅಕ್ಟೋಬರಿನಲ್ಲಿ ಪೆರಿಯಾರ್ ಉದ್ಘಾಟನೆಯಾಯಿತು. ಈಗ ಅಣೆಕಟ್ಟು ಕಟ್ಟುವಾಗ ತಳವನ್ನು ಬಂಡೆಗೆ ಬೆಸೆಯುತ್ತಾರೆ, ಬಂಡೆಯ ಬಿರುಕಿಗೆ ಸಿಮೆಂಟ್ ಹಾಲು ತುಂಬುತ್ತಾರೆ, ಜಿನುಗಿದ ನೀರು ಒತ್ತದೆ ಹೊರಗೆ ಹೋಗಲು ಒಳಗೇ ಕಾಲುವೆ ಬಿಡುತ್ತಾರೆ. ಪೆರಿಯಾರ್ ಅಣೆಕಟ್ಟನ್ನೂ 1979ರ ನಂತರ ಬಲಪಡಿಸಿದರು: ಮೇಲೆ ಕಾಂಕ್ರೀಟಿನ ಭಾರ ಹೇರಿದರು, ಉಕ್ಕಿನ ಕೇಬಲ್‌ಗಳಿಂದ ಬಂಡೆಗೆ ಬಿಗಿದರು, ಹಿಂದೆ ಕಾಂಕ್ರೀಟಿನ ಒತ್ತು ಕೊಟ್ಟರು.

ನಾವು ಅಡುಗೆಮನೆಗೆ ಹಾಕಿ ಉಳಿದಿದ್ದ ಕಡಪಾ ಕಲ್ಲನ್ನು ಉಳಿಯಿಂದ ಒರಟು ಮಾಡಿ, ಒದ್ದೆ ಗಾರೆ ಹಾಸಿ, ಅದರ ಮೇಲೆ ಅಣೆಕಟ್ಟು ಕೂರಿಸಿದೆವು. ಮತ್ತೆ ಗೋಣಿಚೀಲ, ಮತ್ತೆ ಏಳು ದಿನ. ಆಮೇಲೆ ನೀರು ತುಂಬಿದರೆ ರಾತ್ರಿಯಿಡೀ ನಿಂತಿತು. ಪೆನ್ನಿಕ್ವಿಕ್ ಕಾಲದಲ್ಲೂ ಮೊದಮೊದಲು ಕಟ್ಟಿದ ತಾತ್ಕಾಲಿಕ ಒಡ್ಡುಗಳು ಪ್ರವಾಹಕ್ಕೆ ಕೊಚ್ಚಿಹೋಗಿದ್ದವು ಅಂತ ಹೇಳಿದಾಗ ಹುಡುಗಿಯ ಮುಖ ಸ್ವಲ್ಪ ಅರಳಿತು.

ಉಳಿದದ್ದು ಸುರಂಗ. ಸುರಂಗಕ್ಕೆ ಜ್ಯೂಸ್ ಕುಡಿಯುವ ಸ್ಟ್ರಾ, ಒಳಗಿನ ಅಗಲ 6 ಮಿ.ಮೀ. ನೀರು ಸ್ಟ್ರಾದ ಬಾಯಿಯವರೆಗೆ ಬಂತು, ತುದಿಯಲ್ಲಿ ಹನಿಯಾಗಿ ಉಬ್ಬಿ ನಿಂತಿತು. ಬೀಳಲೇ ಇಲ್ಲ. ಇದು ಮೇಲ್ಮೈ ಎಳೆತ. ತಮಿಳು ಮಾಧ್ಯಮದಲ್ಲಿ ಓದುವ ಅವಳ ಪುಸ್ತಕದಲ್ಲಿ ಇದಕ್ಕೆ 'ಪರಪ್ಪು ಇಳುವಿಸೈ' ಅಂತಿದೆ. ಆ 'ಇಳು', ನಮ್ಮ 'ಎಳೆ' ಒಂದೇ ಬೇರಿನ ಮಾತು ಅಂತ ಹೇಳಿದ್ದಕ್ಕೆ ಅವಳಿಗೆ ಖುಷಿಯಾಯಿತು.

ನೀರಿನ ಭಾರ 12.5 ಕೋಟಿ ಪಟ್ಟು ಕುಗ್ಗಿದಾಗ ಮೇಲ್ಮೈ ಎಳೆತ ಕುಗ್ಗುವುದು 500 ಪಟ್ಟು ಮಾತ್ರ. ಏಕೆಂದರೆ ಅದು ಅಂಚಿನ ಉದ್ದವನ್ನು ಅವಲಂಬಿಸಿದ ಬಲ. ಹೀಗಾಗಿ ಭಾರಕ್ಕೆ ಹೋಲಿಸಿದರೆ ಮಾದರಿಯಲ್ಲಿ ಅದು ಎರಡೂವರೆ ಲಕ್ಷ ಪಟ್ಟು ಬಲಶಾಲಿ! ಆರು ಮಿಲಿಮೀಟರ್ ಸ್ಟ್ರಾದ ತುದಿಯ ಹನಿ ಸುಮಾರು ಅರ್ಧ ಸೆಂಟಿಮೀಟರ್ ನೀರನ್ನು ತಡೆದು ನಿಲ್ಲಿಸಬಲ್ಲದು. ನಿಜವಾದ ಅಣೆಕಟ್ಟಿನ ಅಳತೆಗೆ ತಂದರೆ ಅದು ಎರಡೂವರೆ ಮೀಟರ್ ನೀರು. ಸುರಂಗದ ಬಾಯಲ್ಲಿ ಕಾಣದ ಚರ್ಮವೊಂದು ಎರಡೂವರೆ ಮೀಟರ್ ನೀರನ್ನು ತಡೆಹಿಡಿದಿದೆ ಅಂತ ಊಹಿಸಿಕೊಳ್ಳಿ. ನೀರನ್ನು ಮಾತ್ರ ನಾವು ಕುಗ್ಗಿಸಲಾರೆವು. ಹಳೆಯ ಸಿನಿಮಾಗಳಲ್ಲಿ ಪ್ರವಾಹದ ದೃಶ್ಯ ಬೊಂಬೆಯಾಟ ಅಂತ ತಕ್ಷಣ ಗೊತ್ತಾಗುವುದು ಇದರಿಂದಲೇ: ಮನೆ ಚಿಕ್ಕದು, ಹನಿ ಮಾತ್ರ ದೊಡ್ಡದು.

ಹಾಗಾದರೆ ದೊಡ್ಡವರು ಏನು ಮಾಡುತ್ತಾರೆ? ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ; ಪುಣೆಯ ಹತ್ತಿರ ಖಡಕ್ವಾಸ್ಲಾದಲ್ಲಿ 1916ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಶೋಧನಾಲಯ ಇದೆ. ಅಣೆಕಟ್ಟು, ಕಾಲುವೆಗಳ ಮಾದರಿ ಕಟ್ಟಿ ನೀರು ಹರಿಸಿ ನೋಡುವುದು ಇಂಥ ಸಂಸ್ಥೆಗಳ ಕೆಲಸ. ಮಾದರಿ ಸಣ್ಣದಾದರೆ ಮೇಲ್ಮೈ ಎಳೆತದ ಕಾಟ. ಆದ್ದರಿಂದ ಅಂಗಳದಷ್ಟು, ಕೆಲವೊಮ್ಮೆ ಗದ್ದೆಯಷ್ಟು ದೊಡ್ಡ ಮಾದರಿ ಬೇಕಾಗುತ್ತದೆ. ನದಿಯ ಮಾದರಿಯಲ್ಲಿ ಆಳ ತೀರಾ ತೆಳುವಾಗುತ್ತದೆಂದು ಆಳಕ್ಕೆ ಒಂದು ಸ್ಕೇಲ್, ಉದ್ದಗಲಕ್ಕೆ ಇನ್ನೊಂದು ಸ್ಕೇಲ್ ಇಡುವುದೂ ಉಂಟು. ನಮ್ಮ ಚೀಟಿಯಂತೆ ಅವರೂ ಅದನ್ನು ಬರೆದೇ ಇಡುತ್ತಾರೆ. ಹರಿವಿನ ಲೆಕ್ಕಕ್ಕೆ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಹೆಸರಿನ ನಿಯಮವಿದೆ. ಅವನು ಹಡಗುಗಳ ಮಾದರಿಗಳನ್ನು ಪ್ಯಾರಾಫಿನ್ ಮೇಣದಲ್ಲಿ ಮಾಡುತ್ತಿದ್ದ. ಕೆತ್ತಲು ಸುಲಭ, ತಪ್ಪಾದರೆ ಕರಗಿಸಿ ಮತ್ತೆ ಎರೆಯಬಹುದು. ಅವನಿಗೂ ಕಿರಿಕಿರಿ ಕಡಿಮೆ ಇರಲಿಲ್ಲವೇನೋ! ಅವನ ನಿಯಮದ ಪ್ರಕಾರ 1:100 ಮಾದರಿಯಲ್ಲಿ ನೀರಿನ ವೇಗ ನೂರರ ವರ್ಗಮೂಲದಷ್ಟು, ಅಂದರೆ 10 ಪಟ್ಟು ಕಡಿಮೆ; ಕಾಲವೂ 10 ಪಟ್ಟು ಕಡಿಮೆ. ಹರಿವು ಮಾತ್ರ ಒಂದು ಲಕ್ಷ ಪಟ್ಟು ಕಡಿಮೆ. ಸೆಕೆಂಡಿಗೆ ಒಂದು ಸಾವಿರ ಘನ ಮೀಟರ್ ನುಗ್ಗುವ ಪ್ರವಾಹವನ್ನು ಸೆಕೆಂಡಿಗೆ 10 ಲೀಟರ್ ಕೊಡುವ ಪಂಪಿನಿಂದ ಪರೀಕ್ಷಿಸಬಹುದು.

ನಾವು ಸ್ಟ್ರಾ ಕಿತ್ತು ಒಂದು ಇಂಚಿನ ಪೈಪು ಹಾಕಿದೆವು. ಇನ್ನೊಂದು ಚೀಟಿ: "ಸುರಂಗದ ಅಗಲವೂ ಪ್ರಮಾಣದಲ್ಲಿಲ್ಲ, ಕಾರಣ ಮೇಲ್ಮೈ ಎಳೆತ." ಪೈಪಿನ ಆಚೆ ತುದಿಯಲ್ಲಿ ತಟ್ಟೆಯೊಂದರಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದ್ದಳು, ಅದೇ ಕಂಬಂ ಕಣಿವೆ.

ಜೂನ್‌ನಲ್ಲಿ ಪ್ರದರ್ಶನ ಮುಗಿದ ಸಂಜೆ ಫೋನ್ ಮಾಡಿದಳು. ಬಹುಮಾನ ದೀಪಗಳು ಮಿನುಗುವ ಇನ್ನೊಂದು ಮಾದರಿಗೆ ಹೋಯಿತಂತೆ. "ಆದ್ರೆ ಅತ್ತೆ, ನೋಡೋಕೆ ಬಂದ ಒಬ್ಬ ಪಿ.ಡಬ್ಲ್ಯೂ.ಡಿ. ತಾತ ಚೀಟಿ ಓದ್ಬಿಟ್ಟು, ತೇಲಿಹೋಗಿದ್ದ ಡ್ಯಾಮ್ ಎಲ್ಲಿ, ಅದನ್ನೂ ಪಕ್ಕದಲ್ಲಿ ಇಡ್ಬೇಕಾಗಿತ್ತು ಅಂದ್ರು" ಅಂದಳು. ಥರ್ಮೋಕೋಲ್ ಅಣೆಕಟ್ಟನ್ನು ಅವಳ ತಮ್ಮ ಅಷ್ಟರಲ್ಲಿ ಕತ್ತರಿಸಿ ದೋಣಿ ಮಾಡಿಕೊಂಡಿದ್ದ. ಗಾರೆಯದು ಹಿತ್ತಲಲ್ಲಿದೆ, ಅತ್ತಿಗೆ ಅದರ ಮೇಲೆ ಬಟ್ಟೆ ಸೋಪು ಇಡುತ್ತಾರೆ.

ನೀವು ಮಾಡಿ ನೋಡಿ:

ಮೇಲಿನ ಗಾರೆಯ ಅಣೆಕಟ್ಟಿನಲ್ಲಿ ನೀರಿನ ಮಟ್ಟ 10ರ ಬದಲು 8 ಸೆಂ.ಮೀ. ಇದ್ದರೆ, ಅಡಿಗೆ ನೀರು ನುಸುಳಿದರೂ ಅಣೆಕಟ್ಟು ನಿಲ್ಲುತ್ತದೆಯೇ? ಘರ್ಷಣಾಂಕ 0.6 ಎಂದೇ ಹಿಡಿಯಿರಿ. ಒತ್ತಡದ ಸರಾಸರಿ ಮಾತ್ರವಲ್ಲ, ನೀರು ತಾಗುವ ಎತ್ತರವೂ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ.

ಒಂದು ಸ್ಟ್ರಾ, ಒಂದು ಲೋಟ, ಒಂದು ಅಳತೆಪಟ್ಟಿ ತೆಗೆದುಕೊಂಡು, ಸ್ಟ್ರಾದ ಕೆಳತುದಿಯಲ್ಲಿ ಹನಿ ಬೀಳದೆ ಎಷ್ಟು ಮಿ.ಮೀ. ನೀರು ನಿಲ್ಲುತ್ತದೆ ಅಳೆಯಿರಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಮತ್ತೆ ಅಳೆಯಿರಿ. ಎರಡೂ ಸಂಖ್ಯೆಗಳನ್ನು ನಿಮ್ಮ ವಿಜ್ಞಾನದ ಟೀಚರಿಗೆ ತೋರಿಸಿ.